ಮಡಕೆ ನೀರು ತಣ್ಣಗಾಗದ ಊರಲ್ಲಿ

ಚೆನ್ನೈಯಲ್ಲಿರುವ ನನ್ನ ತಂಗಿಯ ಅಡುಗೆಮನೆ ಮೂಲೆಯಲ್ಲಿ ಒಂದು ಮಡಕೆ ಇದೆ. ಅವಳ ಮದುವೆಯಾದ ವರ್ಷ ಅಮ್ಮ ಕೋಲಾರದ ಸಂತೆಯಲ್ಲಿ ಹತ್ತು ಮಡಕೆ ತಟ್ಟಿ ನೋಡಿ ಆರಿಸಿ, ಹಳೇ ಸೀರೆಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋಗಿ ಕೊಟ್ಟ ಮಡಕೆ ಅದು. ಕಳೆದ ದಸರಾ ರಜೆಯಲ್ಲಿ ನಾವೆಲ್ಲ ಅವಳ ಮನೆಗೆ ಹೋದಾಗ ಅದರೊಳಗೆ ಈರುಳ್ಳಿ ತುಂಬಿತ್ತು. ಅಮ್ಮನ ಮುಖ ಸಣ್ಣಗಾಯಿತು.

"ಯಾಕೇ, ನೀರು ತುಂಬಿಡಲ್ವಾ?"

"ಎರಡು ಬೇಸಿಗೆ ಇಟ್ಟೆ ಕಣಮ್ಮ. ಇಲ್ಲಿ ತಣ್ಣಗಾಗಲ್ಲ. ಹೊರಗಡೆ ಬೆವರ್ತಾನೇ ಇರ್ತದೆ, ಒಳಗಡೆ ನೀರು ಹಂಗೇ ಇರ್ತದೆ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮಡಕೆಯ ನೀರು ಯಾಕೆ ತಣ್ಣಗಾಗುತ್ತದೆ ಅನ್ನುವುದನ್ನು ಪ್ರತಿವರ್ಷ ಒಂಬತ್ತನೇ ತರಗತಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗುತ್ತದೆ, ಆವಿಯಾಗುತ್ತದೆ, ಹೋಗುವಾಗ ಮಡಕೆಯ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಆವಿಯಾಗುವುದು ನಿಧಾನವಾಗುತ್ತದೆ. ಇದು ಪರೀಕ್ಷೆಗೆ ಬರುವ ಪ್ರಶ್ನೆ. ಆದರೂ ಆ ರಾತ್ರಿ ತಂಗಿಯ ಮಾತು ನನಗೆ ಬರೀ ಮಡಕೆಯ ಮಾತಾಗಿಯೇ ಕೇಳಿಸಿತು. ಮರುದಿನ ಥೀಮ್ ಪಾರ್ಕಿಗೆ ಹೊರಡಲು ಬ್ಯಾಗು ತುಂಬುತ್ತಿದ್ದೆ. ಯಾವ ಆಟ ಮೊದಲು, ಯಾವುದು ಆಮೇಲೆ ಎಂದು ಮಗ ಚೀಟಿಯಲ್ಲಿ ಬರೆದುಕೊಂಡಿದ್ದ. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ನನ್ನ ಎಂಟು ವರ್ಷದ ಮಗಳ ಕುತ್ತಿಗೆ ಮೇಲೆ ಕೈ ಇಟ್ಟಾಗ ಅದೇ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ಕೋಲಾರದಲ್ಲಿ ಅಕ್ಟೋಬರ್ ಅಂದರೆ ಹಿತವಾದ ತಿಂಗಳು. ಹೊಲದಲ್ಲಿ ರಾಗಿ ತೆನೆಯಾಗುತ್ತಿರುತ್ತದೆ. ಬೆಳಗಿನ ಹೊತ್ತು ಅಂತರಗಂಗೆ ಬೆಟ್ಟದ ಕಡೆಯಿಂದ ಬರುವ ಗಾಳಿಗೆ ಅಮ್ಮ ತಲೆಗೆ ಸೆರಗು ಎಳೆದುಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಹೋದರೆ ಬೆಂದುಹೋಗುತ್ತೇವೆ ಅಂತ ದಸರಾ ರಜೆವರೆಗೆ ಕಾದಿದ್ದೆವು. ನಮ್ಮ ಅಕ್ಟೋಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೇರೆ ಊರಿನ ಅಕ್ಟೋಬರನ್ನು ಅಳೆದೆವು. ಮೊದಲ ತಪ್ಪು ಅದೇ.

ಬಂಗಾರಪೇಟೆಯಲ್ಲಿ ಮಧ್ಯಾಹ್ನ ರೈಲು ಹತ್ತಿದೆವು. ರೈಲಿಗೆ ಮುಂಚೆ ಮಕ್ಕಳಿಗೆ ಬಂಗಾರಪೇಟೆ ಪಾನಿಪುರಿ ಆಗಲೇಬೇಕು, ಅದೂ ಆಯಿತು. ಅಲ್ಲಿಂದ ಚೆನ್ನೈಗೆ ಸುಮಾರು 290 ಕಿಲೋಮೀಟರ್. ನಾವಿರುವುದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ. ರೈಲು ಇಳಿಯುತ್ತಾ ಇಳಿಯುತ್ತಾ ಸಮುದ್ರದ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ಕುಪ್ಪಂ ದಾಟಿ ಜೋಲಾರ್‌ಪೇಟೆ ಬರುವಷ್ಟರಲ್ಲಿ ಕಿಟಕಿಯಿಂದ ಬರುವ ಗಾಳಿಯ ಗುಣವೇ ಬೇರೆಯಾಯಿತು. ಕಾಟ್ಪಾಡಿ ಹೊತ್ತಿಗೆ ಕತ್ತಲಾಗಿತ್ತು, ಬಿಸಿಲಿನ ಮಾತೇ ಇಲ್ಲ, ಆದರೂ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು. ಅಮ್ಮ ಕಿಟಕಿ ಆಚೆ ಕೈ ಚಾಚಿ, ಒಳಗೆ ಎಳೆದುಕೊಂಡು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿ ಹೇಳಿದಳು: "ಇಲ್ಲಿ ಗಾಳೀನೇ ಬೆವತೈತಲ್ಲೇ."

ನಮ್ಮ ಕಡೆ ಬಿಸಿಲು ಅನ್ನುತ್ತೇವೆ, ಧಗೆ ಅನ್ನುತ್ತೇವೆ. ಸೆಖೆ ಅನ್ನುವ ಮಾತು ಕರಾವಳಿಯವರದ್ದು, ನಮ್ಮ ಬಾಯಲ್ಲಿ ಅಷ್ಟಾಗಿ ಓಡಾಡುವುದಿಲ್ಲ. ಅನುಭವ ಇಲ್ಲದ ಕಡೆ ಪದಕ್ಕೂ ಕೆಲಸವಿರುವುದಿಲ್ಲ. ಅಮ್ಮ ಅದಕ್ಕೆ ತನ್ನದೇ ಹೋಲಿಕೆ ಹುಡುಕಿಕೊಂಡಳು. "ಅಗಸರು ಬಟ್ಟೆ ಉಬ್ಬೆಗೆ ಹಾಕ್ತಿದ್ರಲ್ಲ, ಹಂಗೈತೆ" ಅಂದಳು. ಹಬೆಯಲ್ಲಿ ಬೇಯುವ ಬಟ್ಟೆ. ಅದಕ್ಕಿಂತ ಸರಿಯಾದ ಮಾತು ನನಗೂ ಸಿಗಲಿಲ್ಲ.

ಅಂಕಿಯಲ್ಲಿ ಹೇಳುವುದಾದರೆ ಹೀಗೆ. ನನ್ನ ಹತ್ತಿರ ಒಣ ಬಲ್ಬ್, ಒದ್ದೆ ಬಲ್ಬ್ ಎರಡೂ ಇರುವ ಹಳೆಯ ಉಷ್ಣಮಾಪಕದ ಜೋಡಿ ಇದೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತೆ. ಆ ಬಟ್ಟೆಯ ನೀರು ಆವಿಯಾದಷ್ಟೂ ಅದರ ಪಾದರಸ ಕೆಳಗಿಳಿಯುತ್ತೆ. ಒದ್ದೆ ಬಲ್ಬ್ ಎಷ್ಟಕ್ಕೆ ಇಳಿಯುತ್ತದೋ, ಬೆವರು ಸುರಿಸಿ ಮೈ ತಂಪು ಮಾಡಿಕೊಳ್ಳುವುದಕ್ಕೂ ಹೆಚ್ಚುಕಡಿಮೆ ಅಲ್ಲಿಯವರೆಗೇ ಅವಕಾಶ. ಏಪ್ರಿಲ್‌ನಲ್ಲಿ ನಮ್ಮ ಮನೆ ಮಾಳಿಗೆ ಮೇಲಿನ ನೆರಳಿನಲ್ಲಿ ಒಣ ಬಲ್ಬ್ 36 ಇದ್ದಾಗ ಒದ್ದೆ ಬಲ್ಬ್ 22ಕ್ಕೆ ಇಳಿದಿದ್ದನ್ನು ನೋಡಿದ್ದೇನೆ. ಊರಿಗೆ ವಾಪಸು ಬಂದ ಮೇಲೆ ಅದೇ ಜೋಡಿಯನ್ನು ತಂಗಿಗೆ ಕಳಿಸಿ ಅವಳ ಬಾಲ್ಕನಿಯಲ್ಲಿ ಇಡಿಸಿದೆ. ಒಣ 33, ಒದ್ದೆ 28. ಮೂರು ಡಿಗ್ರಿ ಕಡಿಮೆ ಬಿಸಿಲಿರುವ ಊರಿನಲ್ಲಿ ಮೈಯ ಬಾಗಿಲು ಆರು ಡಿಗ್ರಿಯಷ್ಟು ಮುಚ್ಚಿಕೊಂಡಿದೆ. ಆ 33 ಡಿಗ್ರಿ ಅಷ್ಟು ತೇವದಲ್ಲಿ ಮೈಗೆ ಸುಮಾರು 42 ಡಿಗ್ರಿಯಂತೆ ಅನ್ನಿಸುತ್ತದೆ.

ನಮ್ಮೂರ ಬಿಸಿಲನ್ನು ನಾವು ಬಲ್ಲೆವು. ತಲೆಗೆ ಟವೆಲ್ ಸುತ್ತಿ, ಹೊಂಗೆ ಮರದ ನೆರಳಿಗೆ ಬಂದು, ಒಂದು ಲೋಟ ರಾಗಿ ಅಂಬಲಿ ಕುಡಿದರೆ ಹತ್ತು ನಿಮಿಷದಲ್ಲಿ ಜೀವ ಬರುತ್ತದೆ. ನೆರಳು ಅಲ್ಲಿ ಕೆಲಸ ಮಾಡುತ್ತದೆ. ಸೆಖೆಯ ಊರಲ್ಲಿ ನೆರಳು ಅರ್ಧ ಮಾತ್ರ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಬಿಸಿಲು ತಪ್ಪಿತು ನಿಜ, ಆದರೆ ಒಳಗಿನ ಶಾಖ ಹೊರಗೆ ಹೋಗಲು ದಾರಿಯಿಲ್ಲ. ನಾನು ಮಕ್ಕಳನ್ನು ಕ್ಯೂನ ಶೀಟಿನ ಸೂರಿನ ಕೆಳಗೆ ನಿಲ್ಲಿಸಿ, "ನೆರಳಲ್ಲಿದ್ದೀವಲ್ಲ, ಏನಾಗಲ್ಲ" ಅಂದುಕೊಂಡೆ.

ಪಾರ್ಕು ಪೂರ್ವ ಕರಾವಳಿ ರಸ್ತೆಯಲ್ಲಿತ್ತು. ನಾನು, ನಮ್ಮವರು, ಅಮ್ಮ, ಹದಿಮೂರು ವರ್ಷದ ಮಗ, ಪುಟ್ಟಿ, ಒಟ್ಟು ಐದು ಜನ. ಟಿಕೆಟ್ಟು, ಲಾಕರು, ನೀರಾಟದ ಬಟ್ಟೆ ಬಾಡಿಗೆ ಎಲ್ಲ ಸೇರಿ ಏಳು ಸಾವಿರದ ಹತ್ತಿರ ಆಯಿತು. ಮೇಷ್ಟ್ರ ಮನೆಯವರಿಗೆ ಏಳು ಸಾವಿರ ಸಣ್ಣ ಮೊತ್ತವಲ್ಲ. ಒಳಗೆ ಕಾಲಿಟ್ಟ ಕ್ಷಣದಿಂದ ಆ ದುಡ್ಡು ನನ್ನ ತಲೆಯಲ್ಲಿ ಕೂತಿತ್ತು. ಇಷ್ಟು ಆಟ ಆಡಿದರೆ ಒಂದೊಂದಕ್ಕೆ ಇಷ್ಟು ಬೀಳುತ್ತೆ ಅಂತ ಲೆಕ್ಕ ಹಾಕುತ್ತಿದ್ದೆ. ನೀರಾಟದ ಕಡೆ ಮೊದಲೇ ಹೋದರೆ ಒದ್ದೆಯಾಗುತ್ತೇವೆ, ಆಮೇಲೆ ಬೇರೆ ಆಟಕ್ಕೆ ಕಷ್ಟ, ಹಾಗಾಗಿ ನೀರಿಲ್ಲದ ಆಟಗಳನ್ನೆಲ್ಲ ಮಧ್ಯಾಹ್ನದ ಒಳಗೆ ಮುಗಿಸಬೇಕು ಎಂದು ತೀರ್ಮಾನಿಸಿದವಳು ನಾನೇ. ಇನ್ನೊಂದನ್ನೂ ಹೇಳಬೇಕು, ಬರೆಯಲು ಕಷ್ಟವಾಗುತ್ತದೆ. ಪುಟ್ಟಿ ಬಾಟಲಿ ಕೇಳಿದಾಗ ಎರಡು ಸಲ, "ಒಂದು ಗುಟುಕು ಸಾಕು, ಆಮೇಲೆ ಬಾತ್‌ರೂಮಿಗೆ ಅಂತ ಕ್ಯೂ ಬಿಡಬೇಕಾಗುತ್ತೆ" ಅಂದೆ. ಹೆಣ್ಣುಮಕ್ಕಳಿಗೆ ಹಾಗೆ ಹೇಳಿ ಹೇಳಿ ನಮಗೆ ಅಭ್ಯಾಸವಾಗಿಬಿಟ್ಟಿದೆ. ಬಸ್ಸಿನಲ್ಲಿ, ಮದುವೆ ಛತ್ರದಲ್ಲಿ, ಶಾಲೆಯಲ್ಲಿ ಎಲ್ಲ ಕಡೆ. ನನ್ನ ಅಮ್ಮ ನನಗೆ ಹೇಳಿದ್ದಳು, ನಾನು ನನ್ನ ಮಗಳಿಗೆ ಹೇಳಿದೆ.

ಪುಟ್ಟಿ ಮಾತಿನ ಮಲ್ಲಿ. ರೈಲಿನಲ್ಲಿ ಕುಪ್ಪಂನಿಂದ ಕಾಟ್ಪಾಡಿವರೆಗೆ ಒಂದು ನಿಮಿಷ ಬಾಯಿ ಮುಚ್ಚಿರಲಿಲ್ಲ. ಹನ್ನೆರಡೂವರೆ ಹೊತ್ತಿಗೆ, ಐದನೆಯದೋ ಆರನೆಯದೋ ಕ್ಯೂನಲ್ಲಿ, ಅವಳು ಮಾತು ನಿಲ್ಲಿಸಿದ್ದಳು. ನಾನು ಗಮನಿಸಲಿಲ್ಲ, ಗಮನಿಸಿದ್ದರೂ ಹಸಿವಾಗಿರಬೇಕು ಅಂದುಕೊಳ್ಳುತ್ತಿದ್ದೆನೇನೋ. ಒಂದು ಗಂಟೆಗೆ ಅವಳು ನನ್ನ ಸೊಂಟಕ್ಕೆ ತಲೆ ಒರಗಿಸಿ, "ಅಮ್ಮ, ವಾಂತಿ ಬರೋ ಥರ ಆಗ್ತಿದೆ" ಅಂದಳು. ಬಗ್ಗಿ ನೋಡಿದೆ. ಮುಖ ಬಿಳಿಚಿಕೊಂಡಿತ್ತು. ತುಟಿ ಒಣಗಿತ್ತು. ಕಿವಿ ಪಕ್ಕದ ಕೂದಲೆಲ್ಲ ಒದ್ದೆ, ಬೆವರು ಕುತ್ತಿಗೆಯಿಂದ ಫ್ರಾಕಿನೊಳಗೆ ಧಾರೆಯಾಗಿ ಇಳಿಯುತ್ತಿತ್ತು. ಅಷ್ಟು ಒದ್ದೆಯಾದ ಕುತ್ತಿಗೆ ತಣ್ಣಗಿರಬೇಕಲ್ಲ, ಕೈ ಇಟ್ಟರೆ ಕಾದಿತ್ತು. ಹೊರಗಡೆ ಬೆವರ್ತಾನೇ ಇರ್ತದೆ, ಒಳಗಡೆ ಹಂಗೇ ಇರ್ತದೆ. ತಂಗಿ ಹೇಳಿದ್ದು ಇದನ್ನೇ.

ಬೆವರಿನ ವಿಚಾರದಲ್ಲಿ ನಾವು ಮಾಡುವ ತಪ್ಪು ಇಲ್ಲೇ ಇದೆ. ಬೆವರು ಹರಿದರೆ ಮೈ ತಂಪಾಗುತ್ತದೆ ಅಂದುಕೊಳ್ಳುತ್ತೇವೆ. ಹರಿದು ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಲಾಭವಿಲ್ಲ, ಉಪ್ಪು ನೀರು ಎರಡೂ ನಷ್ಟ. ಮೈಮೇಲೇ ಆವಿಯಾದ ಬೆವರು ಮಾತ್ರ ಶಾಖ ಒಯ್ಯುತ್ತದೆ, ಒಂದು ಗ್ರಾಮಿಗೆ ಸುಮಾರು 580 ಕ್ಯಾಲೊರಿಯಂತೆ. ತೇವದ ಗಾಳಿಯಲ್ಲಿ ಮೈ ಇನ್ನಷ್ಟು, ಮತ್ತಷ್ಟು ಬೆವರು ಸುರಿಸಿ ತನ್ನ ಪ್ರಯತ್ನ ಮಾಡುತ್ತಲೇ ಇರುತ್ತದೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ತಮಗೆ ಏನಾಗುತ್ತಿದೆ ಎಂದು ಹೇಳಲೂ ಅವಕ್ಕೆ ತಿಳಿಯುವುದಿಲ್ಲ, ಮಾತು ನಿಲ್ಲಿಸುತ್ತವೆ ಅಷ್ಟೆ.

ನಮ್ಮವರು ಅವಳನ್ನು ಎತ್ತಿಕೊಂಡರು. ಹತ್ತಿರದಲ್ಲೇ ಪ್ರಥಮ ಚಿಕಿತ್ಸೆಯ ಕೋಣೆ ಇತ್ತು, ಎಸಿ ಇತ್ತು. ಅಲ್ಲಿದ್ದ ನರ್ಸ್ ನಮ್ಮ ಗಾಬರಿ ನೋಡಿ ಮಾತಾಡದೆ ಕೆಲಸ ಶುರು ಮಾಡಿದರು. ಮಲಗಿಸಿ ಕಾಲ ಕೆಳಗೆ ದಿಂಬು ಕೊಟ್ಟರು, ಫ್ರಾಕಿನ ಬೆನ್ನಿನ ಹುಕ್ಕು ಬಿಚ್ಚಿದರು, ಒದ್ದೆ ಬಟ್ಟೆಯನ್ನು ಕುತ್ತಿಗೆಗೆ, ಕಂಕುಳಿಗೆ ಇಟ್ಟು ಫ್ಯಾನು ತಿರುಗಿಸಿದರು. ಥರ್ಮಾಮೀಟರ್ 38.4 ತೋರಿಸಿತು. ಓಆರ್‌ಎಸ್ ಕಲಸಿ ಲೋಟವನ್ನು ನನ್ನ ಕೈಗೆ ಕೊಟ್ಟು, ಒಟ್ಟಿಗೆ ಕುಡಿಸಬೇಡಿ, ಚಮಚದಲ್ಲಿ ಕೊಡಿ ಅಂದರು. ತಮಿಳಿನಲ್ಲೇ ಹೇಳಿದರು, ನಮ್ಮ ಕೋಲಾರದವರಿಗೆ ಅದು ಅರ್ಥವಾಗದ ಭಾಷೆಯೇನಲ್ಲ. ಚಮಚ ಚಮಚವಾಗಿ ಕುಡಿಸಿದೆ. ಆ ಅರ್ಧ ಗಂಟೆಯಲ್ಲಿ ಪುಟ್ಟಿಯ ಕೆನ್ನೆಗೆ ಬಣ್ಣ ಬರುವುದನ್ನು ನೋಡುತ್ತಾ ಕೂತಿದ್ದೆ. ಏಳು ಸಾವಿರದ ನೆನಪು ಒಂದು ಸಲವೂ ಬರಲಿಲ್ಲ.

ಅಮ್ಮ ಬೈಯಲಿಲ್ಲ. ಮೊಮ್ಮಗಳ ಅಂಗಾಲು ತಿಕ್ಕುತ್ತಾ ನಿಧಾನಕ್ಕೆ ಹೇಳಿದಳು: "ನಮ್ಮೂರಲ್ಲಿ ಕಳೆ ಕೀಳೋ ಆಳುಗಳ್ನೇ ಹನ್ನೊಂದೂವರೆಗೆ ಬದು ಮೇಲೆ ಕೂರಿಸ್ತಿದ್ವಿ. ಮಗೂನ ಒಂದ್ಗಂಟೆವರೆಗೂ ನಿಲ್ಲಿಸಿದ್ದೀಯಲ್ಲೇ."

ಬಿಸಿಲಿನ ಬಳಲಿಕೆ ಇಷ್ಟಕ್ಕೇ ನಿಂತರೆ ಪುಣ್ಯ. ವಾಕರಿಕೆ, ತಲೆನೋವು, ತಲೆಸುತ್ತು, ಕಾಲು ಸೆಳೆತ, ಬಿಳಿಚಿಕೊಂಡ ಮುಖ, ಇವು ಮೊದಲ ಎಚ್ಚರಿಕೆ. ತಂಪಾದ ಜಾಗ, ಸಡಿಲ ಬಟ್ಟೆ, ಒದ್ದೆ ಬಟ್ಟೆ, ಉಪ್ಪು ಸಕ್ಕರೆ ನೀರು, ವಿಶ್ರಾಂತಿ, ಇದರಲ್ಲೇ ಇಳಿಯಬೇಕು. ಮೈ ಬಿಸಿ 40 ದಾಟಿ, ಮಾತು ತೊದಲಿ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರತೊಡಗಿದರೆ ಅದು ಬೇರೆಯೇ ವಿಷಯ, ಪ್ರಾಣಕ್ಕೆ ಬರುವಂಥದ್ದು. ಆಗ ಬಾಯಿಗೆ ಏನೂ ಹಾಕಬಾರದು. ನೀರು ಸುರಿದು ಮೈ ತಣ್ಣಗೆ ಮಾಡುತ್ತಲೇ 108ಕ್ಕೆ ಫೋನ್ ಮಾಡಬೇಕು. ನಮ್ಮಲ್ಲೂ ತಮಿಳುನಾಡಿನಲ್ಲೂ ಆಂಬುಲೆನ್ಸಿಗೆ ಅದೇ ನಂಬರು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟ ಮಾಡಿದ ಚಮಚ. ಹೊರಗಿನ ತಿಂಡಿ ಬಿಡದ ಪಾರ್ಕಿಗೂ ಓಆರ್‌ಎಸ್ ಪೊಟ್ಟಣ ಒಯ್ಯಬಹುದು, ಔಷಧಿ ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ನಮ್ಮಮ್ಮನ ಎಲೆ ಅಡಿಕೆ ಸಂಚಿಯಲ್ಲಿ ಆ ದಿನವೂ ಕಾಗದದಲ್ಲಿ ಕಟ್ಟಿದ ಉಪ್ಪಿನ ಪೊಟ್ಟಣ ಇತ್ತು.

ಅಮ್ಮನ ವಿಷಯ ನನಗೆ ಆಗ ಹೊಳೆಯಿತು. ಅವಳಿಗೆ ಎಪ್ಪತ್ತೆರಡು. ಬಿಪಿಗೆ ತಗೊಳ್ಳುವ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶವೂ ಇದೆ. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆಯಾಗುತ್ತದೆ, ದಾಹ ಇಲ್ಲ ಅಂದ ಮಾತ್ರಕ್ಕೆ ಮೈಯಲ್ಲಿ ನೀರಿದೆ ಅಂತಲ್ಲ. ಬೆಳಗಿನಿಂದ ಅವಳು ಏನು ಕುಡಿದಳು ಎಂದು ಕೇಳಿದರೆ, ಒಂದು ಕಾಫಿ. ಮಗುವಿಗೆ ಕಲಸಿದ್ದರಲ್ಲೇ ಅರ್ಧ ಲೋಟ ಅವಳಿಗೂ ಕುಡಿಸಲು ಹೋದೆ. ನರ್ಸ್ ಬಿಪಿ ಮಾತ್ರೆ ವಿಷಯ ಕೇಳಿ, ಅವರಿಗೆ ಉಪ್ಪು ಬೇಡ, ಬರೀ ನೀರು ಕೊಡಿ ಅಂದರು. ಇಂಥ ಪ್ರವಾಸಕ್ಕೆ ಮುಂಚೆ ಹಿರಿಯರ ಮಾತ್ರೆಗಳ ಬಗ್ಗೆ ಡಾಕ್ಟರ ಹತ್ತಿರ ಒಂದು ಮಾತು ಕೇಳಬೇಕು ಎಂಬ ಯೋಚನೆ ನನಗೆ ಬಂದೇ ಇರಲಿಲ್ಲ.

ಎರಡೂವರೆ ಹೊತ್ತಿಗೆ ಪುಟ್ಟಿ ಎದ್ದು ಕೂತು, ಜಾರುಬಂಡೆ ಇನ್ನೂ ತೆಗೆದಿರ್ತಾರಾ ಅಂತ ಕೇಳಿದಳು. ನಾವು ಪ್ರಥಮ ಚಿಕಿತ್ಸೆಯ ಕೋಣೆಯಿಂದ ಊಟದ ಹಾಲ್‌ಗೆ ಹೋಗಿ ಅವಳಿಗೂ ಅಮ್ಮನಿಗೂ ಮೊಸರನ್ನ ಕೊಡಿಸಿದೆವು. ಮಗ ಮತ್ತು ನಮ್ಮವರು ಅಲೆಗಳ ಕೊಳಕ್ಕೆ ಹೋದರು. ಮೂರೂಕಾಲಿಗೆ ತಂಗಿಯ ಫೋನು: "ಅಕ್ಕಾ, ಪಡುವಲ ಕಡೆ ನೋಡು. ಇಲ್ಲಿ ಆಗಲೇ ಕತ್ತಲಾಗೈತೆ."

ನೋಡಿದೆ. ಸಮುದ್ರದ ಕಡೆ ಆಕಾಶ ಬೆಳ್ಳಗೆ ಹೊಳೆಯುತ್ತಿತ್ತು. ಪಡುವಲಲ್ಲಿ ಕಾಡಿಗೆ ಬಳಿದ ಹಾಗೆ ಮೋಡ. ಅಲ್ಲಿನ ಗುಡುಗುಮಳೆಗೂ ಒಂದು ದಿನಚರಿ ಇರುತ್ತದಂತೆ. ಬೆಳಗಿನಿಂದ ನೆಲ ಕಾಯುತ್ತದೆ, ನಡುಮಧ್ಯಾಹ್ನ ಸಮುದ್ರದ ಗಾಳಿ ತೇವ ಹೊತ್ತು ಒಳನಾಡಿಗೆ ನುಗ್ಗುತ್ತದೆ, ಪಡುವಲಿನಿಂದ ಬರುವ ಗಾಳಿಗೆ ಎದುರಾಗುತ್ತದೆ, ಕಾದ ತೇವದ ಗಾಳಿ ಮೇಲೇರಿ ಮೋಡವಾಗುತ್ತದೆ. ಸಂಜೆ ಹೊತ್ತಿಗೆ ಆ ಮೋಡ ಕರಾವಳಿಯ ಕಡೆ ಬಂದು ಸುರಿಯುತ್ತದೆ. ಅಲ್ಲಿಯವರಿಗೆ ಇದು ಗೊತ್ತಿದ್ದದ್ದೇ. ಅಕ್ಟೋಬರ್ ಮೊದಲ ಭಾಗದಲ್ಲಿ, ಹಿಂಗಾರು ಶುರುವಾಗುವ ಮುಂಚೆ, ಹಗಲು ಪೂರ್ತಿ ಉಬ್ಬೆ, ಸಂಜೆಗೆ ಗುಡುಗು. ನಾವು ಮೊಬೈಲಿನಲ್ಲಿ ಹವಾಮಾನ ನೋಡಿದಾಗ ಮಳೆಯ ಗುರುತು ಕಂಡು, ದಿನವಿಡೀ ಮಳೆ ಅಂತ ಅರ್ಥ ಮಾಡಿಕೊಂಡಿದ್ದೆವು. ಎಷ್ಟು ಹೊತ್ತಿಗೆ ಎಂದು ಗಂಟೆಗಂಟೆಯ ಲೆಕ್ಕ ನೋಡಿದ್ದರೆ ದಿನವನ್ನೇ ಬೇರೆ ಥರ ಕಟ್ಟುತ್ತಿದ್ದೆವು.

ಮೊದಲ ಮಿಂಚು ಹೊಡೆದಾಗ ನನ್ನ ಬಾಯಿ ತಾನಾಗಿ ಎಣಿಸಿತು. ಒಂದು, ಎರಡು, ಮೂರು... ಹದಿನೆಂಟಕ್ಕೆ ಗುಡುಗು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು, ಅಂದರೆ ಆರು ಕಿಲೋಮೀಟರ್ ದೂರ. ದೂರ ಅನ್ನಿಸುತ್ತದೆ, ಆದರೆ ಮಿಂಚು ಗುಡುಗಿನ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ ಅಂತಲೇ ತಿಳಿಯಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಗೆ ಬರಬಾರದು. ಇದನ್ನೂ ನಾನು ಪಾಠದಲ್ಲಿ ಹೇಳುತ್ತೇನೆ. ಈ ಸಲ ಮರೆಯಲಿಲ್ಲ. ಪುಟ್ಟಿಯನ್ನು ಅಮ್ಮನ ಹತ್ತಿರ ಬಿಟ್ಟು ಕೊಳದ ಕಡೆ ಓಡಿದೆ. ಸೀಟಿ ಊದುತ್ತಿದ್ದರು, ಎಲ್ಲರನ್ನೂ ನೀರಿನಿಂದ ಎಬ್ಬಿಸುತ್ತಿದ್ದರು, ರೋಲರ್ ಕೋಸ್ಟರ್ ಆಗಲೇ ನಿಂತಿತ್ತು. ಮಗನಿಗೆ ಸಿಟ್ಟು. "ಹೆಂಗೂ ಒದ್ದೆಯಾಗಿದೀವಿ, ಮಳೆ ಬಂದ್ರೆ ಏನಮ್ಮ?" ಎಂದ. ಮಳೆಗೆ ಭಯವಿಲ್ಲ ಕಂದ, ಸಿಡಿಲಿಗೆ, ನೀರಿನಲ್ಲಿ ನಿಂತವರನ್ನು ಅದು ಬಿಡುವುದಿಲ್ಲ ಎಂದು ಕೈ ಹಿಡಿದು ಎಳೆದುಕೊಂಡು ಬಂದೆ. ದಾರಿಯಲ್ಲಿ ಎಷ್ಟೋ ಜನ ಬೇವಿನ ಮರದ ಕೆಳಗೆ, ನಾಲ್ಕು ಕಬ್ಬಿಣದ ಕಂಬದ ಮೇಲೆ ಬಟ್ಟೆ ಹೊದಿಸಿದ ಚಪ್ಪರದ ಕೆಳಗೆ ನಿಂತಿದ್ದರು. ನಮ್ಮವರು ಕಂಡವರಿಗೆಲ್ಲ ಕೈ ಬೀಸಿ ಹಾಲ್ ಕಡೆ ತೋರಿಸುತ್ತಾ ಬಂದರು. ಗೋಡೆ, ಮಾಳಿಗೆ ಇರುವ ಗಟ್ಟಿ ಕಟ್ಟಡ, ಇಲ್ಲವೇ ಗಾಜು ಏರಿಸಿದ ಕಾರು, ಇವೆರಡೇ ಆಸರೆ. ಸುತ್ತ ತೆರೆದಿರುವ ಸೂರು ಮಳೆಗೆ ಸೂರು, ಸಿಡಿಲಿಗಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಕೆರೆ ಏರಿಯ ಹುಣಸೆಮರಕ್ಕೆ ಸಿಡಿಲು ಬಡಿಯಿತು. ಮರದ ಕೆಳಗೆ ಮಳೆಗೆ ಅಂತ ಒಟ್ಟಿಗೆ ನಿಂತಿದ್ದ ಕುರಿಗಳು ನಿಂತ ಜಾಗದಲ್ಲೇ ಬಿದ್ದಿದ್ದವು, ಮರದ ಸುತ್ತ ಬಳೆಯ ಹಾಗೆ. ಒಂದರ ಮೈಮೇಲೂ ಗಾಯವಿರಲಿಲ್ಲ. ಕುರಿ ಕಾಯುವ ಹುಡುಗ ದೂರದ ಪಂಪ್‌ಹೌಸಿಗೆ ಓಡಿದ್ದರಿಂದ ಬದುಕಿದ. ಮರಕ್ಕೆ ಬಿದ್ದ ವಿದ್ಯುತ್ತು ನೆಲದಲ್ಲಿ ಹರಡುತ್ತದೆ, ಮುಂಗಾಲಿಗೂ ಹಿಂಗಾಲಿಗೂ ಅಂತರವಿರುವ ಪ್ರಾಣಿಯ ಮೈಯೊಳಗಿಂದ ಹಾಯ್ದು ಹೋಗುತ್ತದೆ ಎಂದು ನಾನು ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಆ ಹೊತ್ತಿಗೆ ಕಂಡದ್ದು ಒದ್ದೆ ಉಣ್ಣೆ, ತೆರೆದೇ ಇದ್ದ ಕಣ್ಣುಗಳು. ಈಗಲೂ ಪ್ರತಿ ಏಪ್ರಿಲ್ ಮೇ ತಿಂಗಳಲ್ಲಿ ಹೊಲದಲ್ಲಿದ್ದವರು, ದನ ಕಾಯುವವರು ಮರದ ಕೆಳಗೆ ಸಿಡಿಲಿಗೆ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ಆ ಬಳೆ ಕಣ್ಣಮುಂದೆ ಬರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ ದಾಮಿನಿ ಆಪ್ ಇದೆ, ಹತ್ತಿರದಲ್ಲಿ ಸಿಡಿಲಿನ ಸಂಭವ ಇದ್ದರೆ ಮೊದಲೇ ಹೇಳುತ್ತದೆ. ನಮ್ಮ ರಾಜ್ಯದ್ದೇ ಸಿಡಿಲು ಅನ್ನುವ ಆಪ್ ಕೂಡ ಇದೆ. ನನ್ನ ಕ್ಲಾಸಿನ ಮಕ್ಕಳಿಗೆಲ್ಲ, ನಿಮ್ಮಪ್ಪನ ಫೋನಿಗೆ ಹಾಕಿಸಿ ಅಂತ ಹೇಳುತ್ತಿರುತ್ತೇನೆ.

ಊಟದ ಹಾಲ್‌ನಲ್ಲಿ ಮುನ್ನೂರು ಜನ ಇದ್ದಿರಬೇಕು. ಒದ್ದೆ ನೈಲಾನ್ ಬಟ್ಟೆ, ಕ್ಲೋರಿನ್, ಸಾಂಬಾರ್ ಎಲ್ಲ ಸೇರಿದ ವಾಸನೆ. ಮಳೆ ಸುರಿಯಿತು ಅನ್ನುವುದಕ್ಕಿಂತ ಆಕಾಶ ಕಳಚಿ ಬಿತ್ತು ಅನ್ನಬೇಕು. ಗಾಜಿನಾಚೆ ಹತ್ತು ಮಾರು ದೂರದ ಜಯಂಟ್ ವೀಲ್ ಕಾಣಲಿಲ್ಲ. ಒಂದು ಸಿಡಿಲು ಎಷ್ಟು ಹತ್ತಿರ ಹೊಡೆಯಿತೆಂದರೆ ಎಣಿಸಲು ಬಾಯಿ ತೆರೆಯುವ ಮುಂಚೆಯೇ ಗಾಜು ನಡುಗಿತು, ದೀಪ ಹೋಯಿತು, ಮಕ್ಕಳು ಕಿರುಚಿಕೊಂಡವು. ಆ ಕತ್ತಲಲ್ಲಿ ಅಮ್ಮನ ದನಿ: "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ..." ಪುಟ್ಟಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹೇಳುತ್ತಿದ್ದಳು. ಗುಡುಗಿದಾಗ ನಮ್ಮ ಮನೆಯಲ್ಲಿ ಎಂದಿನಿಂದಲೂ ಹೀಗೇ. ಪಕ್ಕದ ಮೇಜಿನಲ್ಲಿ ಕೂತಿದ್ದ ವಯಸ್ಸಾದ ತಮಿಳು ಹೆಂಗಸೊಬ್ಬರು ತಿರುಗಿ ನೋಡಿದರು. ಅವರೂ ಮೊಮ್ಮಗನ ಕಿವಿ ಮುಚ್ಚಿ "ಅರ್ಜುನಾ, ಅರ್ಜುನಾ" ಅನ್ನುತ್ತಿದ್ದರು. ಅವರಿಗೆ ಒಂದೇ ಹೆಸರು, ಅಮ್ಮನಿಗೆ ಹತ್ತು. ಮುಂದಿನ ಗುಡುಗಿಗೆ ಇಬ್ಬರೂ ಒಟ್ಟಿಗೆ ಶುರು ಮಾಡಿದರು. ಮೂರನೆಯದಕ್ಕೆ ಆ ಮಗುವೂ ಪುಟ್ಟಿಯೂ ಸೇರಿಕೊಂಡವು. ನಾನು ಸಿಡಿಲಿನ ಉಷ್ಣತೆ ಮೂವತ್ತು ಸಾವಿರ ಡಿಗ್ರಿ, ಸೂರ್ಯನ ಮೇಲ್ಮೈಯ ಐದು ಪಟ್ಟು ಅಂತ ಪಾಠ ಮಾಡುವವಳು. ಆದರೆ ಮಗುವಿನ ಎದೆಬಡಿತ ಇಳಿಸಲು ಆ ಹೊತ್ತಿನಲ್ಲಿ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. "ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ" ಎಂದು ನಾನೂ ಹೇಳಿದೆ.

ಒಂದೂಕಾಲು ಗಂಟೆ ಹಾಲ್‌ನಲ್ಲೇ ಇದ್ದೆವು. ಬಹಳ ಜನ ಮಳೆ ಕಡಿಮೆಯಾದ ಕೂಡಲೇ ಬೈಕೊಂಡು ಮನೆಗೆ ಹೊರಟರು. ಬೈಯುವುದು ನನ್ನಿಂದಾಗಲಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್‌ಗಳ ಜಿಲ್ಲೆಯಿಂದ ಬಂದವರು ನಾವು; ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ನಮಗಿಲ್ಲ. ಕೋಲಾರಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್, ಚೆನ್ನೈಗೆ ಸುಮಾರು 1400. ಗಾಜಿನಾಚೆ ನೀರು ಚರಂಡಿ ತುಂಬಿ ಹರಿಯುವುದನ್ನು ಅಮ್ಮ ಎವೆಯಿಕ್ಕದೆ ನೋಡುತ್ತಿದ್ದಳು. "ಇದ್ರಲ್ಲಿ ಕಾಲುಭಾಗ ನಮ್ಮ ರಾಗಿ ಮೇಲೆ ಬಿದ್ದಿದ್ರೆ" ಅಂದಳು.

ಗುಡುಗು ನಿಂತು ಅರ್ಧ ಗಂಟೆ ಕಳೆದ ಮೇಲೆ ಆಟಗಳು ಶುರುವಾದವು. ಮಳೆ ಮುಗಿದ ಆ ಒಂದು ಗಂಟೆಯನ್ನು ನನ್ನ ಮಕ್ಕಳು ಇನ್ನೂ ನೆನೆಸಿಕೊಳ್ಳುತ್ತಾರೆ. ಗಾಳಿ ತಣ್ಣಗಾಗಿತ್ತು, ಬೆಳಿಗ್ಗೆ ಮುಕ್ಕಾಲು ಗಂಟೆ ನಿಂತ ಕ್ಯೂಗಳಲ್ಲಿ ಈಗ ಹತ್ತು ಜನ ಇರಲಿಲ್ಲ. ಮಗ ಒಂದೇ ಆಟವನ್ನು ನಾಲ್ಕು ಸಲ ಆಡಿದ. ಪುಟ್ಟಿಗೆ ಚಿಕ್ಕ ಜಾರುಬಂಡೆ ಮಾತ್ರ ಎಂದೆ, ನಡುನಡುವೆ ನಾನೇ ಬಾಟಲಿ ಹಿಡಿದು ಓಡಿದೆ. ಬೆಳಗಿನಿಂದ ನಾನು ಬೆನ್ನು ಹತ್ತಿ ಹೋದ ಸಂತೋಷ, ಏನೂ ಲೆಕ್ಕ ಹಾಕಿಕೊಳ್ಳದಿದ್ದ ಹೊತ್ತಿನಲ್ಲಿ ತಾನಾಗಿ ಬಂದು ಕೂತಿತ್ತು.

ಸೆಖೆಯ ಊರಿನವರು ದಿನವನ್ನು ಎರಡು ತುಂಡು ಮಾಡಿಕೊಳ್ಳುತ್ತಾರೆ ಅಂತ ತಂಗಿ ಆಮೇಲೆ ಹೇಳಿದಳು. ಗೇಟು ತೆಗೆಯುವ ಹೊತ್ತಿಗೇ ಹೋಗಿ ಬಿಸಿಲಲ್ಲಿ ನಿಲ್ಲಬೇಕಾದ ಆಟಗಳನ್ನು ಹನ್ನೊಂದರೊಳಗೆ ಆಡಿಬಿಡುವುದು, ನಡುಹಗಲು ನೀರಿನಲ್ಲೋ ಎಸಿ ಇರುವ ಹಾಲ್‌ನಲ್ಲೋ ಕಳೆಯುವುದು, ಮಳೆ ಬಂದು ಹೋದ ಮೇಲೆ ಮತ್ತೆ ಹೊರಡುವುದು. ನೀರಿನಲ್ಲಿದ್ದಾಗಲೂ ಮೈ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ, ಒದ್ದೆಯಾಗಿರುವುದರಿಂದ ಬಾಯಾರಿಕೆ ತಿಳಿಯುವುದಿಲ್ಲ ಎಂದೂ ಹೇಳಿದಳು. ಒಣಗಿದ ಹತ್ತಿ ಬಟ್ಟೆ ಇನ್ನೊಂದು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇರಲೇಬೇಕು. ಒದ್ದೆ ಬಟ್ಟೆಯಲ್ಲಿ ದಿನವಿಡೀ ನಡೆದರೆ ತೊಡೆ ಉಜ್ಜಿ ಹುಣ್ಣಾಗುತ್ತದೆ, ಬೆವರುಸಾಲೆ ಏಳುತ್ತದೆ. ಮಗನಿಗೆ ಎರಡೂ ಆಯಿತು.

ಮಗನ ಕನಸು ಇನ್ನೂ ದೊಡ್ಡದು, ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿ ವರ್ಲ್ಡ್. ಊರಿಗೆ ಬಂದ ಮೇಲೆ ಅಟ್ಲಾಸ್ ತೆಗೆದು ಅದೆಲ್ಲಿದೆ ಅಂತ ಇಬ್ಬರೂ ಹುಡುಕಿದೆವು. 1971ರಲ್ಲಿ ಶುರುವಾದ ಆ ಪಾರ್ಕು ಎರಡೂ ಕಡೆ ಸಮುದ್ರ ಇರುವ ನೆಲದ ನಡುವೆ ಇದೆ. ಬೇಸಿಗೆ ಮಧ್ಯಾಹ್ನ ಎರಡೂ ಕಡಲಿನಿಂದ ಬರುವ ಗಾಳಿ ನಡುವೆ ಸೇರಿ ಗುಡುಗುಮಳೆ ಆಗುತ್ತದೆ, ಅಮೆರಿಕದಲ್ಲೇ ಅತಿ ಹೆಚ್ಚು ಸಿಡಿಲು ಬೀಳುವ ಸೀಮೆಗಳಲ್ಲಿ ಅದೊಂದು, ಅಲ್ಲೂ ಮಿಂಚು ಕಂಡರೆ ಹೊರಗಿನ ಆಟಗಳನ್ನು ನಿಲ್ಲಿಸುತ್ತಾರೆ. "ಹಂಗಾದ್ರೆ ಅಲ್ಲೂ ಮಧ್ಯಾಹ್ನ ಊಟದ ಹಾಲ್‌ನಲ್ಲೇನಾ?" ಎಂದು ಕೇಳಿದ. ಹೌದು ಎಂದೆ.

ವಾಪಸು ಬರುವಾಗ ಬೆಳಗಿನ ರೈಲು. ತಂಗಿ ಮಡಕೆಯ ಈರುಳ್ಳಿ ತೆಗೆದು, ಚೆನ್ನಾಗಿ ತೊಳೆದು, ಅಮ್ಮನ ಕೈಗೆ ಕೊಟ್ಟಿದ್ದಳು. "ನೀನೇ ಇಟ್ಕೋ ಅಮ್ಮ, ಅಲ್ಲಿ ಕೆಲಸಕ್ಕೆ ಬರ್ತದೆ." ಅಮ್ಮ ಹೋಗುವಾಗ ಇಟ್ಟುಕೊಂಡಿದ್ದ ಹಾಗೆಯೇ ಬರುವಾಗಲೂ ತೊಡೆ ಮೇಲೆ ಇಟ್ಟುಕೊಂಡು ಕಿಟಕಿ ಪಕ್ಕ ಕೂತಳು. ಆಂಬೂರು, ವಾಣಿಯಂಬಾಡಿ ಕಡೆ ರೈಲು ಪಾಲಾರ್ ಕಣಿವೆಯಲ್ಲೇ ಸಾಗುತ್ತದೆ. ನಮ್ಮ ಸೀಮೆಯಲ್ಲಿ ಹುಟ್ಟಿ, ಬೇತಮಂಗಲದ ಕೆರೆ ತುಂಬಿ, ಆಂಧ್ರ ಹಾಯ್ದು ತಮಿಳುನಾಡಿಗೆ ಇಳಿಯುವ ನದಿ ಅದು. ಒಟ್ಟು 348 ಕಿಲೋಮೀಟರ್, ಅದರಲ್ಲಿ 93 ನಮ್ಮಲ್ಲಿ. ಹೆಸರಿಗೆ ಹಾಲಿನ ನದಿ, ಬಹುಪಾಲು ವರ್ಷ ಮರಳಿನ ನದಿ. 2021ರ ನವೆಂಬರ್‌ನಲ್ಲಿ ಮಾತ್ರ ನಮ್ಮ ಕೆರೆಗಳೆಲ್ಲ ಕೋಡಿ ಬಿದ್ದು ದಡ ಮೀರಿ ಹರಿದಿತ್ತು.

ಅಮ್ಮ ಊರಿಗೆ ಫೋನ್ ಹಚ್ಚಿಸಿಕೊಂಡಳು. ಪಕ್ಕದ ಮನೆಯವರು ಎತ್ತಿದರು.

"ಮಳೆ ಬಂತೇನವ್ವ?"

ಬೆಟ್ಟದ ಆ ಕಡೆ ಚೆನ್ನಾಗಿ ಬಂತಂತೆ, ಈ ಕಡೆ ಹನಿಯೂ ಇಲ್ಲವಂತೆ. ಅಮ್ಮ ಫೋನ್ ನನ್ನ ಕೈಗೆ ಕೊಟ್ಟು, "ಚಿತ್ತೆ ಕುರುಡಿ ಕಣೇ. ಎಲ್ಲಿ ಎರಚ್ತಾಳೋ ಅವಳಿಗೇ ಗೊತ್ತಿರಲ್ಲ" ಅಂದಳು. ಆಮೇಲೆ ಮಡಕೆಯನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಸರಳಿಗೆ ಹಣೆ ತಾಗಿಸಿದಳು.

"ಪುಟ್ಟಿ, ನಿನ್ನ ಕಣ್ಣು ಚೆನ್ನಾಗೈತೆ. ಹೊಳೇಲಿ ನೀರೈತಾ ನೋಡವ್ವ."

ಪುಟ್ಟಿ ಬಾಟಲಿ ಬಾಯಿಂದ ತೆಗೆದು, ಅಜ್ಜಿಯ ಭುಜದ ಮೇಲಿಂದ ಬಗ್ಗಿ ಬಹಳ ಹೊತ್ತು ನೋಡಿದಳು. "ಮಧ್ಯದಲ್ಲಿ ಒಂಚೂರು ಹೊಳೀತಿದೆ ಅಜ್ಜಿ."

"ಎಷ್ಟಗಲ?"

ಪುಟ್ಟಿ ಎರಡೂ ಕೈ ಚಾಚಿ ತೋರಿಸಿದಳು.